ಬಾಣಂತಿ ನೀರು ಹೋದ ದಾರಿ

ನಾನು ಹುಟ್ಟಿದ್ದು ಜಗಳೂರಿನಲ್ಲಿ. ಅಲ್ಲಿ ನಮ್ಮ ಮನೆಗೆ ಮೋರಿಯೇ ಬೇಕಾಗಿರಲಿಲ್ಲ. ಒಂದು ಕೊಡ ನೀರು ಒಳಗೆ ಬಂದರೆ ಅದು ಮೊದಲು ನಮ್ಮ ಮುಖ ತೊಳೆದು, ಆಮೇಲೆ ಪಾತ್ರೆ ತೊಳೆದು, ಎಮ್ಮೆಯ ಬಾನಿಗೆ ಹೋಗಿ, ಕಡೆಗೆ ಉಳಿದರೆ ನುಗ್ಗೆ ಮರದ ಬುಡ ಸೇರುತ್ತಿತ್ತು. ಹೊರಗೆ ಹರಿಯುವಷ್ಟು ನೀರನ್ನು ಯಾರಾದರೂ ಚೆಲ್ಲಿದರೆ ನಮ್ಮವ್ವ ಬೆಳ್ಳಿ ಚೆಲ್ಲಿದವರನ್ನು ನೋಡುವ ಹಾಗೆ ನೋಡುತ್ತಿದ್ದಳು.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ಮದುವೆಯಾಗಿ ನ್ಯಾಮತಿಗೆ ಬಂದೆ. ಮಾವನವರದು ಬೆಲ್ಲ, ಮೆಣಸಿನಕಾಯಿ ವ್ಯಾಪಾರ. ಊರಿನ ಪಂಚಾಯ್ತಿಯಲ್ಲಿ ಮೆಂಬರು ಬೇರೆ. ನನ್ನ ಯಜಮಾನರು ವಾರದಲ್ಲಿ ನಾಲ್ಕು ದಿನ ಗಾಡಿ ಕಟ್ಟಿಕೊಂಡು ಹೊನ್ನಾಳಿ, ಚನ್ನಗಿರಿ, ಸಂತೇಬೆನ್ನೂರು ಎಂದು ಸಂತೆ ಸುತ್ತುತ್ತಿದ್ದರು. ಮನೆಯ ಹಿತ್ತಲಲ್ಲೇ ಬಾವಿ. ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆ ಹೂತಿದ್ದರು, ಅದರೊಳಗೆ ನಾನೇ ಕೂತರೂ ತಲೆ ಕಾಣುತ್ತಿರಲಿಲ್ಲ. ಎಷ್ಟು ನೀರು ಸುರಿದುಕೊಂಡರೂ ಯಾಕೆ ಎಂದು ಕೇಳುವವರಿರಲಿಲ್ಲ. ಮೊದಲ ತಿಂಗಳು ನಾನು ದಿನಕ್ಕೆ ಎರಡು ಸಲ ಸ್ನಾನ ಮಾಡಿದೆ. ಆ ನೀರೆಲ್ಲ ಬಚ್ಚಲ ಮೂಲೆಯ ತೂಬಿನಲ್ಲಿ ಗುಳುಗುಳು ಎಂದು ಮಾಯವಾಗುತ್ತಿತ್ತು. ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಬುದ್ಧಿ ಮಾತ್ರ ನನಗಾಗ ಬಂದಿರಲಿಲ್ಲ.

ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ನನ್ನ ಹಾಗೆ ನೀವೂ ಪೆದ್ದರಾಗುವುದು ಬೇಡ. ನಮ್ಮ ಮನೆ ಬೀದಿಯ ಏರಿನಲ್ಲಿತ್ತು. ಪಕ್ಕದ ಇಳಿಜಾರಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಬರ ಮನೆ. ಬಚ್ಚಲಿಂದ ಹೊರಟ ಮೋರಿ ನಮ್ಮ ಹಿತ್ತಲಿನಲ್ಲಿ ನೆಲದೊಳಗೇ ಹೋಗುತ್ತಿತ್ತು. ಎರಡು ಕಡೆ ಕಲ್ಲು ಕಟ್ಟಿ, ಮೇಲೆ ಚಪ್ಪಡಿ ಹಾಸಿ, ಅದರ ಮೇಲೆ ಮಣ್ಣು ಮುಚ್ಚಿದ್ದರು. ಸಾಬರ ಮನೆಯ ಹಿಂದಿನ ಗೋಡೆ ನಮ್ಮ ಹಿತ್ತಲಿನ ಅಂಚಿಗೇ ಇತ್ತು. ಮೋರಿ ಆ ಗೋಡೆಯ ಪಕ್ಕಕ್ಕೇ ಹಾದು, ಅವರ ಹಿತ್ತಲಿನಲ್ಲಿ ಬಯಲಿಗೆ ಬಂದು, ಅಲ್ಲಿಂದ ಬೀದಿ ಚರಂಡಿಗೆ ಬೀಳುತ್ತಿತ್ತು. ಮಾವನವರ ಅಪ್ಪನ ಕಾಲದಲ್ಲಿ ವರ್ಷಕ್ಕೊಮ್ಮೆ ಮುಂಗಾರಿಗೆ ಮೊದಲು ನಮ್ಮವರೇ ಕೊನೆತನಕ ಹೂಳು ಬಳಿಸಿ ಕೊಡುತ್ತಿದ್ದರಂತೆ. ಮಾವನವರು ಪಂಚಾಯ್ತಿ ಮೆಂಬರಾದ ಮೇಲೆ ಕಾನೂನು ಬದಲಾಯಿತು. ಯಾರ ನೆಲದಲ್ಲಿ ಮೋರಿಯೋ ಅವರದೇ ಜವಾಬ್ದಾರಿ. ನಮ್ಮ ಹಿತ್ತಲು ದಾಟಿದ ಮೇಲೆ ಅದು ನಮ್ಮ ನೀರಲ್ಲ.

ಮರುವರ್ಷ ಬೇಸಿಗೆಯಲ್ಲಿ ನನ್ನ ನಾದಿನಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಮಗುವಾಯಿತು. ಹೆರಿಗೆಯಾದ ಮೇಲೆ, ಮಗುವಿನ ಹಿಂದೆಯೇ ಬರುವ ಮಾಸನ್ನು ಮಣ್ಣಿನ ಕುಡಿಕೆಯಲ್ಲಿಟ್ಟು, ಎಲೆ ಅಡಿಕೆ ಹಾಕಿ, ಬಚ್ಚಲ ಹತ್ತಿರ ಹೂಳುವುದು ನಮ್ಮಲ್ಲಿ ಪದ್ಧತಿ. ಬಾಣಂತಿಗೆ ಎರೆದ ನೀರು ಅದರ ಮೇಲೆ ಹಾಯ್ದು ತಂಪಾಗಿರಬೇಕು, ಅದು ಒಣಗಿದರೆ ತಾಯಿಯ ಎದೆಹಾಲು ಒಣಗುತ್ತದೆ ಎಂದು ಹಿರಿಯರ ನಂಬಿಕೆ. ಹಿಂದೆ ಹೂಳುತ್ತಿದ್ದ ಮೂಲೆಯಲ್ಲಿ ಆ ವರ್ಷ ಸೌದೆ ಒಟ್ಟಿಬಿಟ್ಟಿದ್ದರು. ಸೂಲಗಿತ್ತಿ ತಾಯಿ ಮಗುವಿನ ಹತ್ತಿರ ಇದ್ದಳು. ಗಂಡಸರು ಆ ಕಡೆ ಸುಳಿಯುವ ಹಾಗಿಲ್ಲ. ಅತ್ತೆ ಬಾಗಿಲಲ್ಲೇ ನಿಂತು, "ಬಚ್ಚಲ ನೀರು ಹೋಗೋ ಕಡೆ ಎಲ್ಲಾದ್ರೂ ತೋಡವ್ವ, ಜಲ್ದಿ" ಎಂದರು.

ಗುದ್ದಲಿ ಹಿಡಿಯುವುದನ್ನು ಜಗಳೂರಿನ ಹುಡುಗಿಗೆ ಯಾರೂ ಕಲಿಸಬೇಕಾಗಿಲ್ಲ. ಸೀರೆ ಎತ್ತಿ ಕಟ್ಟಿ ಅಗೆದೆ. ಮೊಣಕಾಲುದ್ದ ಹೋಗುವಷ್ಟರಲ್ಲಿ ಒಂದು ಚಪ್ಪಡಿ ಅಡ್ಡ ಬಂತು. ಹಾರೆ ಹಾಕಿ ಮೀಟಿ ಎಬ್ಬಿಸಿದೆ. ನುಣ್ಣಗಿನ ಕರೀ ಕಲ್ಲು, ನೋಡಿದರೆ ಆಸೆಯಾಗಬೇಕು. ಅದರ ಕೆಳಗೆ ತೋಡಿಟ್ಟ ಹಾಗೇ ಒಂದು ಕುಳಿ! ದೇವರೇ ಅರ್ಧ ಕೆಲಸ ಮಾಡಿಟ್ಟಿದ್ದಾನೆ ಎಂದುಕೊಂಡೆ. ಕುಡಿಕೆ ಇಟ್ಟು, ಸುತ್ತ ಕಲ್ಲು ಜಡಿದು, ಮಣ್ಣು ಹಾಕಿ ಗಟ್ಟಿಯಾಗಿ ತುಳಿದೆ. ಕರೀ ಚಪ್ಪಡಿಯನ್ನು ಬಾವಿಯ ಹತ್ತಿರಕ್ಕೆ ಉರುಳಿಸಿಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡೆ. ಅತ್ತೆ ನೋಡಿ, "ಅಡ್ಡಿಯಿಲ್ಲ, ಕೈಯಾಗೆ ಕಸುವೈತೆ" ಎಂದರು. ಅವರ ಬಾಯಿಂದ ಅಷ್ಟು ಬರುವುದೇ ಅಪರೂಪ. ನಾನು ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ಆಮೇಲೆ ಬಾಣಂತಿ ಸ್ನಾನ. ಅದನ್ನು ನೋಡದವರಿಗೆ ಎಷ್ಟು ನೀರು ಎಂದು ಹೇಳಿದರೆ ನಂಬುವುದಿಲ್ಲ. ಮೈಗೆಲ್ಲ ಎಣ್ಣೆ ಅರಿಸಿನ ತಿಕ್ಕಿ, ಸೀಗೆಪುಡಿ ಹಾಕಿ, ಸುಡುಸುಡು ನೀರನ್ನು ಸೂಲಗಿತ್ತಿ ಚೊಂಬಿನ ಮೇಲೆ ಚೊಂಬು ಬೀಸಿ ಹೊಡೆಯುತ್ತಿದ್ದಳು. ಹಂಡೆ ಖಾಲಿಯಾಗುವುದು, ನಾನು ತುಂಬುವುದು, ಮತ್ತೆ ಖಾಲಿಯಾಗುವುದು. ದಿನಾ ಬೆಳಿಗ್ಗೆ ಇದೇ. ಬಚ್ಚಲಿನಲ್ಲಿ ಒಂದು ತೊಟ್ಟು ನಿಲ್ಲುತ್ತಿರಲಿಲ್ಲ. ನೀರೆಲ್ಲ ಒಳಗೊಳಗೇ ಹೋಗುತ್ತಿತ್ತು, ಎಲ್ಲಿಗೋ.

ಹತ್ತು ಹನ್ನೆರಡು ದಿನವಾದ ಮೇಲೆ ಸಾಬರ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ನಿಂತರು. ನಮ್ಮ ಕಡೆ ಸಾಬರ ಮನೆಯ ಹೆಂಗಸರನ್ನು ಬೂಬಮ್ಮ ಎನ್ನುವುದು ವಾಡಿಕೆ, ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು, ನಾಲ್ಕು ಮಕ್ಕಳ ತಾಯಿ. ದನಿ ಎತ್ತಿ ಮಾತಾಡಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ.

"ತಂಗ್ಯಮ್ಮ, ನಮ್ಮ ಕಡೆ ಮೋರಿ ಒಣಗಿ ಬಿದ್ದೈತೆ. ಗೋಡೆ ಬುಡ ಮಾತ್ರ ಹಸಿ ಆಗಾಕತ್ತೈತೆ. ನಿಮ್ಮ ಹಿತ್ತಲಾಗೆ ಒಂದು ಸಲ ನೋಡ್ತೀರೇನು?"

"ನಮ್ಮ ಬಚ್ಚಲಾಗೆ ನೀರು ನಿಲ್ಲಾದೇ ಇಲ್ಲ ಬೂಬಮ್ಮ. ಹಂಗಂದ್ರೆ ನಮ್ಮದು ಸರಿ ಐತೆ ಅಂತ ಅಲ್ವಾ? ಕಟ್ಟಿದ್ರೆ ನಿಮ್ಮ ಕಡೇನೇ ಕಟ್ಟಿರಬೇಕು, ಚೆಂದಾಗಿ ಬಳೀರಿ" ಎಂದೆ.

ಒಣಗಿದ ಮೋರಿ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ನೋಡುತ್ತೇನೆ ಎಂದು ಹೋದರು. ಮೂರು ದಿನ ಬಿಟ್ಟು ಮತ್ತೆ ಬಂದರು, ನಾನು ಮತ್ತೆ ಅದನ್ನೇ ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. ಮೂರನೆಯ ಸಲ ಬಂದಾಗ ನಾನು ಕರೀ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದೆ. ಒಗೆಯುವುದನ್ನು ನಿಲ್ಲಿಸದೆಯೇ ಉತ್ತರ ಕೊಟ್ಟೆ. ಬಾಯಿ ಜೋರಿದ್ದವರಿಗೆ ಇದೊಂದು ಸುಖ. ಎದುರಿನವರು ಸುಮ್ಮನಾದರೆ ಸಾಕು, ನಾವು ಗೆದ್ದೆವು ಅನ್ನಿಸಿಬಿಡುತ್ತದೆ.

ನಾನೇ ಹೋಗಿ ಮಾವನವರಿಗೂ ಊದಿದೆ. ಅವರು ಪಂಚಾಯ್ತಿಯಲ್ಲಿ ಹೇಳಿದರು. ಎಂಟು ದಿನದೊಳಗೆ ಮೋರಿ ಬಳಿಯಬೇಕು ಎಂದು ಸಾಬರಿಗೆ ನೋಟೀಸು ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಸಾಬರಿಗೆ ಓದಲು ಬರುತ್ತಿರಲಿಲ್ಲ. ನೋಟೀಸು ಹಿಡಿದುಕೊಂಡು ಓದಿಸಲು ನಮ್ಮ ಮಾವನ ಹತ್ತಿರವೇ ಬಂದರು. ಮಾವ ಪಡಸಾಲೆಯಲ್ಲಿ ಕೂತು ತಾವೇ ಬರೆಸಿದ್ದನ್ನು ತಾವೇ ಗಂಭೀರವಾಗಿ ಓದಿ ಹೇಳಿದರು. ಒಳಗಿನಿಂದ ನನಗೆ ಎಲ್ಲ ಕೇಳಿಸುತ್ತಿತ್ತು.

"ಒಣ ಮೋರಿ ಏನು ಬಳೀಲಿ ಯಜಮಾನ್ರೆ?" ಎಂದರು ಸಾಬರು. "ಗೋಡೆ ಹೊಟ್ಟೆ ಬಿಟ್ಟೈತೆ. ಮಣ್ಣಿನ ಗೋಡೆ. ಒಂದು ಮಳೆ ಬಂದ್ರೆ ಕೂತ್ಕಂತೈತೆ. ಮಕ್ಕಳು ಮಲಗೋ ಕೋಣೆ ರೀ ಅದು. ಆ ಗೋಡೆ ಹೋದ್ರೆ ಮನೇನೇ ಹೋದಂಗೆ."

"ಮೊದ್ಲು ಬಳೀರಿ. ಆಮೇಲೆ ನೋಡಾಣ."

ಸಾಬರು ನೋಟೀಸನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು. ಮೋಡ ಆಗಲೇ ಕಟ್ಟುತ್ತಿತ್ತು. ನನಗೆ ಇನ್ನೂ ಅನುಮಾನವಿರಲಿಲ್ಲ. ಇವರಿಗೆ ತಿಳಿಯುತ್ತಿಲ್ಲ, ನಾನೇ ಹೋಗಿ ಎಲ್ಲಿ ಕಟ್ಟಿದೆ ಎಂದು ತೋರಿಸಿಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಅವರ ಮನೆಗೆ ಹೊರಟೆ.

ಬೂಬಮ್ಮ ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಗೋಡೆ ನಿಜವಾಗಿಯೂ ಒಳಕ್ಕೆ ಉಬ್ಬಿತ್ತು, ಎರಡು ತೊಲೆ ಆನಿಸಿದ್ದರು. ಬುಡದಲ್ಲಿ ಮೊಳದೆತ್ತರ ಹಸಿ. ಆ ಹಸಿಯ ಬಣ್ಣ ಹಳದಿ. ನಾನು ಕುಕ್ಕರಗಾಲಲ್ಲಿ ಕೂತು ಮೂಸಿದೆ. ಅರಿಸಿನ, ಹರಳೆಣ್ಣೆ, ಸೀಗೆಪುಡಿ. ಸಾಬರ ಮನೆಯ ಗೋಡೆ ನಮ್ಮ ನಾದಿನಿಯ ಹಾಗೆ ಬಾಣಂತಿ ವಾಸನೆ ಹೊಡೆಯುತ್ತಿತ್ತು.

ಎದ್ದು ಬಂದೆ. ಹಾರೆ ತೆಗೆದುಕೊಂಡು ಬಚ್ಚಲ ತೂಬಿನಿಂದ ಶುರುಮಾಡಿ ಮಾರು ದೂರಕ್ಕೊಂದು ಸಲ ನೆಲದೊಳಕ್ಕೆ ಕುಟ್ಟಿ ಇಳಿಸುತ್ತಾ ಹೋದೆ. ಠಣ್, ಠಣ್ ಎಂದು ಕಲ್ಲಿನ ಸದ್ದು. ನಾನು ಕುಡಿಕೆ ಹೂತ ಜಾಗಕ್ಕೆ ಬಂದಾಗ ಹಾರೆ ಚಪ್ಪಡಿಯೇ ಸಿಗದೆ ಕೆಸರಿನೊಳಕ್ಕೆ ತೊಡೆಯುದ್ದ ಇಳಿಯಿತು. ಅದರಾಚೆ ಮತ್ತೆ ಠಣ್. ತಿರುಗಿ ಬಾವಿಯ ಹತ್ತಿರದ ಕರೀ ಚಪ್ಪಡಿ ನೋಡಿದೆ. ಮೂರು ವಾರ ಅದರ ಮೇಲೆ ಬಟ್ಟೆ ಕುಕ್ಕಿದ್ದೆ, ಆ ಹೆಂಗಸಿಗೆ ಬುದ್ಧಿ ಹೇಳುತ್ತಾ. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ನನ್ನ ಮೇಲೆಯೇ.

ಒಳಗೆ ಹೋಗಿ ಅತ್ತೆಗೆ ನೇರವಾಗಿ ಹೇಳಿದೆ. "ಕುಡಿಕೆ ಮೋರಿಯಾಗೆ ಹೂತಿದೀನಿ ಅತ್ತೆಮ್ಮ. ನೀರು ಸಾಬರ ಗೋಡೆಗೆ ಹೋಗಾಕತ್ತೈತೆ. ಈಗ್ಲೇ ತೆಗೀಬೇಕು."

ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಹುಚ್ಚಿ! ಬಾಣಂತನ ಮುಗಿಯೋ ಮುಂಚೆ ಅದನ್ನ ಮುಟ್ಟಿದ್ರೆ ಹಾಲು ಬತ್ತೈತೆ. ಇನ್ನೊಂದು ಹದಿನೈದು ದಿನ ತಡಿ."

"ಮಳೆ ತಡೀತೈತಾ?"

"ಮಗೀಗಿಂತ ಗೋಡೆ ಹೆಚ್ಚೇನೆ?"

ಅತ್ತೆ ಕೆಟ್ಟವರಲ್ಲ. ಅವರಿಗೆ ಆ ಮಗು ಮೊದಲನೆಯ ಮೊಮ್ಮಗ. ಆ ಭಯ ನಿಜವಾದ ಭಯ. ಅಷ್ಟರಲ್ಲಿ ಕೋಣೆಯೊಳಗಿಂದ, ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ ನಾದಿನಿ ಮಾತಾಡಿದಳು. ಹತ್ತಿಯ ದೆಸೆಯಿಂದ ಅವಳ ದನಿ ಬೇಕಾದ್ದಕ್ಕಿಂತ ಜೋರಾಗೇ ಬಂತು.

"ಯವ್ವಾ, ಹಾಲು ನನ್ನ ಎದೆಯಾಗೈತೆ, ಮೋರಿಯಾಗಿಲ್ಲ. ಅತ್ಗೆಮ್ಮ, ನೀನು ತೆಗಿ."

ಬಾಣಂತಿಯೇ ಹೇಳಿದ ಮೇಲೆ ಅತ್ತೆ ಗೋಡೆ ಕಡೆ ಮುಖ ತಿರುಗಿಸಿ ಕೂತರು. ಅದೇ ಒಪ್ಪಿಗೆ ಎಂದುಕೊಂಡು ಸೂಲಗಿತ್ತಿಯನ್ನು ಕರೆಸಿದೆ. ಅವಳು ಕುಡಿಕೆಗೆ ಕೈಮುಗಿದು, ಒಡೆಯದ ಹಾಗೆ ಎತ್ತಿ, ಬಚ್ಚಲ ಒತ್ತಿನಲ್ಲೇ ಬೇರೆ ಕುಳಿಯಲ್ಲಿ ಇಟ್ಟಳು. ಹಾಲು ಬತ್ತಲಿಲ್ಲ. ಆ ಮಗು ದೊಡ್ಡವನಾಗಿ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದ.

ಮೋರಿಯೊಳಗೆ ನಾನು ಜಡಿದ ಕಲ್ಲುಗಳನ್ನು ಒಂದೊಂದಾಗಿ ಕೀಳುತ್ತಿದ್ದಾಗ ಮಾವ ಅಂಗಡಿಯಿಂದ ಬಂದರು. ನಡೆದದ್ದನ್ನು ನಿಂತಲ್ಲೇ ಹೇಳಿದೆ. ಮೀಸೆ ತೀಡುತ್ತಾ ಹೇಳಿದರು.

"ಕಲ್ಲು ಮೊದಲಿನಂಗೆ ಮುಚ್ಚು. ನೀರು ಹರಿಯಾಕೆ ಶುರುವಾಗ್ತೈತೆ. ಸಾಬ ಬಳಿದ, ಸರಿಹೋತು ಅಂತ ಆಗ್ತೈತೆ. ಈ ಮಾತು ಹಿತ್ತಲು ದಾಟಬಾರ್ದು."

"ನೀರು ದಾಟೈತೆ ಮಾವಾರೆ" ಎಂದೆ.

ಸೊಸೆ ಎದುರು ಮಾತಾಡುವುದು ಆ ಮನೆಯಲ್ಲಿ ಅದೇ ಮೊದಲು. ಮಾವ ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋದರು. ನಾನು ಕರೀ ಚಪ್ಪಡಿಯನ್ನು ಉರುಳಿಸಿಕೊಂಡು ಬಂದು ಅದರ ಜಾಗದಲ್ಲಿ ಕೂರಿಸಿದೆ, ಬಾವಿಯಿಂದ ನಾಲ್ಕು ಕೊಡ ನೀರು ಸುರಿದೆ. ಸಾಬರ ಹಿತ್ತಲಿನಲ್ಲಿ ನೀರು ಬಂದ ಸದ್ದು ಕೇಳಿಸಿತು. ಕೆಸರು ಮೈಯಲ್ಲೇ ಅಲ್ಲಿಗೆ ಹೋದೆ.

ಬೂಬಮ್ಮ ಹರಿಯುವ ನೀರನ್ನೇ ನೋಡುತ್ತಾ ನಿಂತಿದ್ದರು. ಸಾಬರು ಒಂದು ಕೊಳಗಕ್ಕೆ ಕಲಾಯಿ ಉಜ್ಜುತ್ತಿದ್ದರು. ಇಬ್ಬರ ಮುಂದೆಯೂ ಹೇಳಿದೆ, ತಪ್ಪು ನನ್ನದು, ಗುಂಡಿ ತೋಡಿದ್ದು ನಾನು, ಕಲ್ಲು ಕಿತ್ತದ್ದು ನಾನು, ನೋಟೀಸು ಕೊಡಿಸಿದ್ದೂ ನಾನೇ. ಸಾಬರು ಉಜ್ಜುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಬೂಬಮ್ಮ, "ಈಗ ಹರೀತೈತಲ್ಲ ತಂಗ್ಯಮ್ಮ, ಸಾಕು ಬಿಡು" ಎಂದಷ್ಟೇ ಹೇಳಿ ಕೈತೊಳೆಯಲು ನೀರು ಕೊಟ್ಟರು. ಮಕ್ಕಳನ್ನು ಆ ಕೋಣೆಯಲ್ಲಿ ಮಲಗಿಸಬೇಡಿ ಎಂದೆ. ವಾರದ ಹಿಂದೆಯೇ ಜಗಲಿಗೆ ಹಾಕಿದ್ದೇವೆ ಎಂದರು.

ಗೋಡೆ ಒಣಗಲು ಹತ್ತು ದಿನದ ಬಿಸಿಲು ಬೇಕಾಗಿತ್ತು. ಸಿಕ್ಕಿದ್ದು ಎರಡು ದಿನ. ಮೂರನೆಯ ದಿನ ಮಧ್ಯಾಹ್ನ ಮುಂಗಾರು ಹೊಡೆಯಿತು. ಮಳೆ ನಿಂತ ಮೇಲೆ ನಾವು ಸೂರು ಸೋರುವಲ್ಲಿ ಇಟ್ಟಿದ್ದ ಬಟ್ಟಲು ಎತ್ತಿಟ್ಟು ಹೊರಗೆ ಬರುತ್ತಿದ್ದೆವು. ಅಷ್ಟರಲ್ಲಿ ಗೋಡೆ ಕೂತಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮೂಟೆ ಇಳಿಸಿದ ಹಾಗೆ ದೊಪ್ಪೆಂದು ಅರ್ಧ ಅವರ ಕಡೆ, ಅರ್ಧ ನಮ್ಮ ಹಿತ್ತಲಿಗೆ ಬಿತ್ತು. ಅವರ ಕೋಣೆ, ಮಡಿಸಿಟ್ಟ ಕೌದಿ, ಗೂಟಕ್ಕೆ ನೇತುಹಾಕಿದ ಕಲಾಯಿ ಒಲೆಗೆ ಗಾಳಿ ಊದುವ ತಿದಿ, ಎಲ್ಲ ನಮ್ಮ ಕಣ್ಣಿಗೆ ಬಯಲಾದವು.

ಬೀದಿಯೆಲ್ಲ ನೆರೆಯಿತು. ಯಾರಿಗೂ ಏನೂ ಆಗಿಲ್ಲ ಎಂದು ಗೊತ್ತಾದ ಮೇಲೆ ಬುದ್ಧಿ ಹೇಳುವವರು ಶುರುಮಾಡಿದರು. ಒಬ್ಬರು, "ಪಂಚಾಯ್ತಿಯೋರು ಮೊದ್ಲೇ ಹೇಳಿದ್ರಲ್ಲಪ್ಪ, ಮೋರಿ ಬಳೀರಿ ಅಂತ. ಕೇಳ್ಬೇಕಿತ್ತು" ಎಂದರು. ಸಾಬರು ತಲೆ ತಗ್ಗಿಸಿ ನಿಂತಿದ್ದರು. ನನ್ನ ಬಾಯಿ ತೆರೆಯಿತು. ಮಾವ ನನ್ನ ಕಡೆ ನೋಡಿದರು; ಈ ಹುಡುಗಿ ಬಿಡುವವಳಲ್ಲ ಎಂದು ಗೊತ್ತಾಯಿತೋ, ಅಥವಾ ಆ ಮಡಿಸಿಟ್ಟ ಕೌದಿಗಳನ್ನು ಕಂಡು ಕರುಳು ಚುರುಕ್ಕೆಂದಿತೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಬಿದ್ದ ಮಣ್ಣಿನ ಗುಡ್ಡೆ ಹತ್ತಿ, ಆ ಕಡೆ ಇಳಿದು ಸಾಬರ ಪಕ್ಕದಲ್ಲಿ ನಿಂತರು.

"ನೀರು ನಮ್ಮದು. ಗೋಡೆ ನಾವು ಕಟ್ಟಿಸ್ತೀವಿ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ನೋಟೀಸು ಕೊಡಿಸಿದ್ದು ನಂದೇ ತಪ್ಪು."

ತಪ್ಪಿನಲ್ಲಿ ನನ್ನ ಪಾಲನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಕೊನೆತನಕ ಗೌರವ.

ಮಾರನೆಯ ದಿನವೇ ಗೋಡೆ ಕಟ್ಟುವವರು ಬಂದರು. ಬಿದ್ದ ಮಣ್ಣನ್ನೇ ನೆನೆಹಾಕಿ, ಹುಲ್ಲು ಕತ್ತರಿಸಿ ಹಾಕಿ ತುಳಿಯಬೇಕು. ಆಳು ಸಾಲದು ಎಂದರು. ನಾನು ಇಳಿದೆ. ಅತ್ತೆ ಬೇಡ ಎನ್ನಲಿಲ್ಲ. ಬೂಬಮ್ಮನೂ ಇಳಿದರು. ಇಬ್ಬರೂ ಎದುರು ಬದುರು ನಿಂತು ಮೊಣಕಾಲು ಮಟ್ಟದ ಕೆಸರು ತುಳಿಯುತ್ತಿದ್ದೆವು. ಮೂರು ದಿನದಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ.

"ಬೂಬಮ್ಮ, ನಾನು ಅಷ್ಟು ಬೈದ್ರೂ ಸುಮ್ನೆ ಹೋಗ್ತಿದ್ರಲ್ಲ. ನೀರು ಎಲ್ಲಿಂದ ಬರ್ತೈತೆ ಅಂತ ನಿಮಗೆ ಒಂಚೂರೂ ಅನುಮಾನ ಬರಲಿಲ್ವಾ?"

ಅವರು ತುಳಿಯುತ್ತಲೇ ಹೇಳಿದರು. "ನೀನು ಗುಂಡಿ ತೋಡಿದ್ದು ಆ ದಿನಾನೇ ನೋಡಿದ್ದೆ ತಂಗ್ಯಮ್ಮ. ಏನು ಇಟ್ಟೆ ಅಂತಾನೂ ಗೊತ್ತು. ನಾವೂ ಹಂಗೇ ಇಡ್ತೀವಿ."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ನನ್ನ ಚೊಚ್ಚಲಿಗೆ ನಮ್ಮ ಮನೆಯಾಗೆ ಹಂಡೆ ಇರಲಿಲ್ಲ. ನಲವತ್ತು ದಿನ ಬಿಸಿನೀರು ಕೊಟ್ಟಿದ್ದು ನಿಮ್ಮತ್ತೇರು, ಇದೇ ಬಚ್ಚಲಿಂದ. ಅವರ ಮಗಳ ಕುಡಿಕೆ ತೆಗೀರಿ, ನೀರು ಎರೀಬ್ಯಾಡ್ರಿ ಅಂತ ಯಾವ ಬಾಯಾಗೆ ಹೇಳ್ಲಿ? ನೀನೇ ನೋಡ್ತೀಯೇನೋ ಅಂತ ಮೂರು ಸಲ ಬಂದೆ."

ನನ್ನ ಕಾಲು ಕೆಸರಿನಲ್ಲಿ ನಿಂತುಬಿಟ್ಟಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಎರಡು ಕೈಯಲ್ಲೂ ಮಣ್ಣು.

"ತುಳಿ ತಂಗ್ಯಮ್ಮ" ಎಂದರು ಬೂಬಮ್ಮ. "ಮಣ್ಣು ಒಣಗ್ತೈತೆ."